ಒಂದು ಗಿಡ, ಎರಡು ಊರು: ಅತ್ತಿಗೆಯ ಆರ್ಕಿಡ್ ಬಾಡಿದ ಕೇಸು

ಹೋದ ವರ್ಷ ಜುಲೈ ಕೊನೇ ವಾರ ಕಾರವಾರದಿಂದ ಅತ್ತಿಗೆ ವಾಟ್ಸಾಪಲ್ಲಿ ಒಂದು ಫೋಟೋ ಕಳಿಸಿದ್ಲು, ಹಿಂದೇನೇ ಒಂದು ವಾಯ್ಸ್ ಮೆಸೇಜು. "ನೋಡೇ ಇದ್ರ ಅವಸ್ಥೆ, ದಿನಾ ನೀರು ಹಾಕ್ತಾ ಇದ್ದಿ, ಆದ್ರೂ ಬಾಡ್ತಾ ಇದ್ದು, ಎಂತಕೆ ಹೇಳಿ ಗೊತ್ತಾಗ್ತಿಲ್ಲೆ." ಫೋಟೋದಲ್ಲಿದ್ದದ್ದು ಮಿನಿ ಫಲೆನಾಪ್ಸಿಸ್ ಆರ್ಕಿಡ್ಡು, ಮೂರಿಂಚಿನ ಪಾಟು, ಐದು ಎಲೆ. ಏಪ್ರಿಲ್ಲಲ್ಲಿ ಅವರ ಕೋಡಿಬಾಗದ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಬಂದ ಉಡುಗೊರೆ. ಆಗ ಒಂದು ಕಡ್ಡಿ ತುಂಬ ಬಿಳಿ ಹೂವಿತ್ತು, ನಡುವೆ ನೇರಳೆ ಬಾಯಿ. ಈಗ ಹೂವೆಲ್ಲ ಉದುರಿ, ಎಲೆಗಳು ಉಪ್ಪಿಗೆ ಹಾಕಿದ ಅಪ್ಪೆಮಿಡಿ ಹಂಗೆ ಸುಕ್ಕುಗಟ್ಟಿ ಪಾಟಿನ ಅಂಚಿಗೆ ಜೋತುಬಿದ್ದಿದ್ವು.

ಈ ಒಂದು ಗಿಡದ ಕಥೆನ ಪೂರ್ತಿ ಬರೆದಿಡ್ತಾ ಇರೋದು ಯಾಕಂದ್ರೆ ಇದರಲ್ಲಿ ಒಂದೇ ತಪ್ಪು ಎರಡು ಸಲ ಆಯ್ತು. ಮೊದಲು ಕಾರವಾರದಲ್ಲಿ ಅತ್ತಿಗೆ ಕೈಲಿ, ಆಮೇಲೆ ಶಿರಸಿಯಲ್ಲಿ ನನ್ನ ಕೈಲಿ, ಅದೂ ಪೂರಾ ಉಲ್ಟಾ ದಿಕ್ಕಲ್ಲಿ. ಅವಳಿಗೆ ದೊಡ್ಡದಾಗಿ ಪಾಠ ಹೇಳಿದ್ದು ನಾನೇ, ಆರು ತಿಂಗಳಿಗೆ ಅದೇ ಗುಂಡಿಗೆ ಬಿದ್ದದ್ದೂ ನಾನೇ.

ಫೋಟೋ ನೋಡಿದ್ದೇ ಫೋನ್ ಮಾಡಿ ಏನೇನು ಮಾಡ್ತಾ ಇದ್ದಿ ಎಲ್ಲಾ ಹೇಳು ಅಂದೆ. ಗಿಡದ ಜೊತೆ ಬಂದ ಚೀಟಿಯಲ್ಲಿ ವಾರಕ್ಕೆ ಮೂರು ಐಸ್ ಕ್ಯೂಬ್ ಅಂತ ಇತ್ತಂತೆ, ಏಪ್ರಿಲ್ ಮೇ ಪೂರ್ತಿ ಅದನ್ನೇ ಮಾಡಿದ್ಲು, ಗಿಡ ಚೆನ್ನಾಗೇ ಇತ್ತು. ಜೂನ್ ಮಧ್ಯದಲ್ಲಿ ಹೂವು ಉದುರಿತು. ಅದು ಸಹಜ, ಆದ್ರೆ ಅವಳಿಗೆ ಗಾಬರಿ ಆಯ್ತು, ಎಲೆನೂ ಸ್ವಲ್ಪ ಮೆತ್ತಗೆ ಕಂಡಿತು, ನೀರು ಸಾಲ್ತಾ ಇಲ್ಲ ಅಂದ್ಕೊಂಡು ಐಸ್ ಬಿಟ್ಟು ದಿನಾ ಅರ್ಧ ಲೋಟ ನೀರು ಶುರು ಮಾಡಿದ್ಲು. ಯಾವುದೋ ವಿಡಿಯೋದಲ್ಲಿ ಆರ್ಕಿಡ್ಡಿಗೆ ತೇವದ ಗಾಳಿ ಬೇಕು ಅಂತ ನೋಡಿ ಬೆಳಿಗ್ಗೆ ಸಂಜೆ ಸ್ಪ್ರೇ. ಅದೂ ಸಾಲದು ಅಂತ ಆನ್‌ಲೈನಲ್ಲಿ ಒಂದು ಪುಟ್ಟ ಹ್ಯೂಮಿಡಿಫೈಯರ್, ಅಂದ್ರೆ ನೀರನ್ನ ಮಂಜಿನ ಹಂಗೆ ಬಿಟ್ಟು ಗಾಳಿಗೆ ತೇವ ತುಂಬೋ ಮೆಷಿನ್, ತರಿಸಿ ಗಿಡದ ಪಕ್ಕ ಇಟ್ಟು ಓಡಿಸ್ತಾ ಇದ್ಲು.

ಕಾರವಾರದಲ್ಲಿ, ಜುಲೈ ತಿಂಗಳಲ್ಲಿ, ಹ್ಯೂಮಿಡಿಫೈಯರ್! ಉಪ್ಪಿನ ಡಬ್ಬಿ ನೀರಾಗಿ, ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಹಿಡಿದು, ಒಗೆದ ಬಟ್ಟೆ ಮೂರು ದಿನ ಫ್ಯಾನಿನ ಕೆಳಗಿದ್ರೂ ಮುಗ್ಗುಲು ವಾಸನೆ ಹೊಡೆಯೋ ಊರು ಅದು. ನಾನು ಫೋನಲ್ಲೇ ನಕ್ಕುಬಿಟ್ಟೆ, ಅವಳಿಗೆ ಬೇಜಾರಾಯ್ತು. ಆಮೇಲೆ ಯೋಚನೆ ಮಾಡಿದ್ರೆ ಅವಳದ್ದೇನು ತಪ್ಪಿರಲಿಲ್ಲ. ಎಲೆ ಬಾಡಿದ್ರೆ ನೀರು ಕಮ್ಮಿ ಅಂತ ನಾವೆಲ್ಲ ಚಿಕ್ಕವರಿದ್ದಾಗಿಂದ ಕಲಿತದ್ದು. ಬಸಳೆ, ದಾಸವಾಳ, ಮಲ್ಲಿಗೆ ಎಲ್ಲಕ್ಕೂ ಅದೇ ಲೆಕ್ಕ.

ಆಗಸ್ಟ್ ಮೊದಲನೇ ಶನಿವಾರ ಬೇರೆ ಕೆಲಸದ ಮೇಲೆ ಕಾರವಾರಕ್ಕೆ ಹೋದೆ. ದೇವಿಮನೆ ಘಾಟಲ್ಲಿ ಮಂಜು, ಕುಮಟಾ ಇಳಿಯೋ ಹೊತ್ತಿಗೆ ಮೈಯೆಲ್ಲ ಜಿಗುಟು, ಅಂಕೋಲಾ ದಾಟಿದ ಮೇಲಂತೂ ಮಳೆ ಅಡ್ಡಡ್ಡ ಹೊಡೀತಿತ್ತು. ಚೀಲದಲ್ಲಿ ಒಂದು ಚಿಕ್ಕ ಡಿಜಿಟಲ್ ತೇವಾಂಶದ ಮೀಟರ್ ಇಟ್ಕೊಂಡಿದ್ದೆ, ಈ ಅಗ್ಗದ ಮೀಟರುಗಳು ಐದು ಪರ್ಸೆಂಟ್ ಆಚೆ ಈಚೆ ತೋರಿಸ್ತವೆ ಆದ್ರೂ ಅಂದಾಜಿಗೆ ಸಾಕು. ಮನೆಯ ಹಾಲ್‌ನಲ್ಲಿ ಗಿಡದ ಪಕ್ಕ ಇಟ್ಟೆ, 88 ಪರ್ಸೆಂಟ್ ತೋರಿಸಿತು, ಹ್ಯೂಮಿಡಿಫೈಯರ್ ಆಫ್ ಇದ್ದಾಗ. ಫಲೆನಾಪ್ಸಿಸ್ಸಿಗೆ ಬೇಕಾಗಿರೋದು 50ರಿಂದ 70.

ಮೊದಲು ಕಂಡ ತಪ್ಪು ಪಾಟು. ಹೊರಗಡೆ ಚಂದದ ಸೆರಾಮಿಕ್ ಪಾಟು, ತಳದಲ್ಲಿ ಒಂದೂ ತೂತಿಲ್ಲ, ಅದರೊಳಗೆ ನರ್ಸರಿಯ ಮೆತ್ತನೆ ಪ್ಲಾಸ್ಟಿಕ್ ಪಾಟು. ಒಳಗಿಂದು ಎತ್ತಿದ್ರೆ ಸೆರಾಮಿಕ್ಕಿನ ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು, ಅದರಲ್ಲಿ ಸೊಳ್ಳೆ ಮರಿಗಳು ಕೊಂಕು ಕೊಂಕಾಗಿ ಈಜ್ತಾ ಇದ್ವು. ಅಣ್ಣ ಅಲ್ಲೀತನಕ ಪೇಪರ್ ಓದ್ತಾ ಸುಮ್ಮನಿದ್ದ, ಇದು ನೋಡಿದ್ದೇ ಎದ್ದು ಬಂದು "ಡೆಂಗ್ಯೂ ಸೀಸನ್ನಲ್ಲಿ ಮನೆ ಒಳಗೇ ಸೊಳ್ಳೆ ಸಾಕ್ತಾ ಇದ್ಯಲೇ" ಅಂತ ಹೆಂಡತಿ ಮೇಲೆ ರೇಗಿದ. ಗಿಡಕ್ಕಿಂತ ಸೊಳ್ಳೆ ಕಥೆನೇ ಆವತ್ತು ಮನೆಯಲ್ಲಿ ದೊಡ್ಡದಾಯ್ತು.

ಹಳೇ ಪೇಪರ್ ಹಾಸಿ ಗಿಡ ಬಿಚ್ಚಿದೆ. ಬಿಚ್ಚೋ ಮುಂಚೆ ಅಡಿಗೆ ಮನೆಯ ತೂಕದ ಮೆಷಿನ್ ಮೇಲಿಟ್ಟು ನೋಡಿದ್ದು ಒಳ್ಳೇದಾಯ್ತು, ಪ್ಲಾಸ್ಟಿಕ್ ಪಾಟು ಸಮೇತ 268 ಗ್ರಾಂ. ಇಷ್ಟು ಚಿಕ್ಕ ಗಿಡಕ್ಕೆ ಇದು ಸಿಕ್ಕಾಪಟ್ಟೆ ಜಾಸ್ತಿ, ಅದರಲ್ಲಿ ಹೆಚ್ಚುಪಾಲು ನೀರೇ. ಒಳಗೆ ಇದ್ದದ್ದು ತೊಗಟೆ ಚೂರಲ್ಲ, ಪೂರಾ ಸ್ಫಾಗ್ನಮ್ ಪಾಚಿ, ಬಿಗಿಯಾಗಿ ತುರುಕಿದ್ದು. ಹಿಂಡಿದ್ರೆ ಒದ್ದೆ ಸ್ಪಂಜಿನ ಹಂಗೆ ಸುರೀತು. ಬೇರುಗಳ ನಡುವೆ, ಗಿಡದ ಬುಡದ ಅಡಿಗೇ, ಸುಲಿಯದ ಅಡಿಕೆಕಾಯಿಯಷ್ಟು ದಪ್ಪದ ಇನ್ನೊಂದು ಪಾಚಿ ಉಂಡೆ, ಕಪ್ಪಾಗಿ ನಾರ್ತಾ ಇತ್ತು. ನರ್ಸರಿಯಲ್ಲಿ ಸಸಿ ಇದ್ದಾಗ ಹಾಕೋ ಉಂಡೆ ಇದು, ಗಿಡ ದೊಡ್ಡದಾದ ಮೇಲೂ ತೆಗೆಯೋದಿಲ್ಲ. ಹೊರಗಿನ ಪಾಚಿ ಒಣಗಿದ್ರೂ ಈ ಉಂಡೆ ಒಳಗೆ ವಾರಗಟ್ಟಲೆ ಹಸೀನೇ ಇರ್ತದೆ. ಅಂಗಡಿಯಿಂದ ತಂದ ಮಿನಿ ಆರ್ಕಿಡ್ ಸತ್ತಿದ್ರೆ ಅದನ್ನ ಎಸೆಯೋ ಮುಂಚೆ ಬುಡದಲ್ಲಿ ಇದನ್ನ ಹುಡುಕಿ ನೋಡಿ, ಹತ್ತರಲ್ಲಿ ಎಷ್ಟರಲ್ಲಿ ಸಿಗ್ತದೋ ನೋಡ್ಕೊಳ್ಳಿ.

ಬೇರು ಹನ್ನೊಂದು ಇದ್ವು, ಗಟ್ಟಿ ಇದ್ದದ್ದು ಮೂರೇ. ಉಳಿದವು ಕಂದು ಬಣ್ಣ, ಒತ್ತಿದ್ರೆ ನೀರು ಜಿನುಗೋದು, ಎಳೆದ್ರೆ ಮೇಲಿನ ಸಿಪ್ಪೆ ಬಾಳೆನಾರು ಜಾರಿದಂಗೆ ಜಾರಿ ಬಂದು ಒಳಗಿನ ತೆಳ್ಳನೆ ತಂತಿಯಂಥ ನರ ಮಾತ್ರ ಉಳಿಯೋದು. ಅತ್ತಿಗೆಗೂ ಒಂದು ಕೊಟ್ಟೆ, ನೀನೇ ಎಳೆದು ನೋಡು ಅಂತ. ಮಾತಲ್ಲಿ ಎಷ್ಟು ಹೇಳಿದ್ರೂ ತಿಳೀದೇ ಇದ್ದದ್ದು ಆ ಒಂದು ಸಿಪ್ಪೆ ಕೈಗೆ ಬಂದಾಗ ಅವಳಿಗೆ ತಿಳೀತು. "ಹಂಗಾರೆ ಇದು ನೀರಲ್ಲೇ ನಿಂತ್ಕಂಡು ಬಾಯಾರ್ತಾ ಇತ್ತನೇ" ಅಂದ್ಲು. ಹೌದು, ಅಷ್ಟೇ ವಿಷಯ. ನೀರು ಕುಡಿಯೋ ಬೇರೇ ಇಲ್ಲ, ಎಲೆಗೆ ಎಲ್ಲಿಂದ ಹೋಗಬೇಕು? ಬೇರು ಕೊಳೆತ ಗಿಡಾನೂ ನೀರಿಲ್ಲದ ಗಿಡಾನೂ ಮೇಲಿಂದ ನೋಡಿದ್ರೆ ಒಂದೇ ಥರ ಕಾಣ್ತವೆ. ಎಲೆ ನೋಡಿ ನೀರು ಹಾಕೋರು ಅದಕ್ಕೇ ಏಮಾರ್ತಾರೆ.

ಫಲೆನಾಪ್ಸಿಸ್ ಮೂಲತಃ ಫಿಲಿಪ್ಪೀನ್ಸ್, ಇಂಡೋನೇಷ್ಯಾ ಆ ಕಡೆಯ ಕಾಡಿನ ಮರದ ಮೇಲೆ ಅಂಟಿಕೊಂಡು ಬೆಳೆಯೋ ಗಿಡ. ಬೇರಿನ ಸುತ್ತ ವೆಲಾಮೆನ್ ಅನ್ನೋ ಬಿಳಿ ಪದರ ಇರ್ತದೆ, ಅದು ಸತ್ತ ಜೀವಕೋಶಗಳ ಸ್ಪಂಜು. ಮಳೆ ನೀರು ತಾಗಿದ ತಕ್ಷಣ ಹೀರಿಕೊಳ್ತದೆ, ಆಗ ಪದರ ಪಾರದರ್ಶಕ ಆಗಿ ಒಳಗಿನ ಹಸಿರು ಕಾಣ್ತದೆ, ಒಣಗಿದ್ರೆ ಮತ್ತೆ ಬೆಳ್ಳಿ ಬಣ್ಣ. ಗಿಡಕ್ಕೆ ನೀರು ಬೇಕಾ ಬೇಡವಾ ಅಂತ ಗಿಡವೇ ಬರೆದು ತೋರಿಸೋದು ಇದು, ಪಾರದರ್ಶಕ ಪಾಟಿದ್ರೆ ಹೊರಗಿಂದಲೇ ಓದಬಹುದು. ಆದ್ರೆ ಆ ಸ್ಪಂಜು ದಿನಗಟ್ಟಲೆ ಒದ್ದೆ ಉಳಿದ್ರೆ ಒಳಗಿನ ಜೀವ ಇರೋ ಭಾಗಕ್ಕೆ ಗಾಳಿ ಹೋಗೋದಿಲ್ಲ, ಉಸಿರು ಕಟ್ಟಿ ಸಾಯ್ತದೆ, ಸತ್ತದ್ದಕ್ಕೆ ಬೂಷ್ಟು ಬ್ಯಾಕ್ಟೀರಿಯಾ ಬರ್ತವೆ. ಕೊಳೆತ ಅಂತ ನಾವು ಹೇಳೋದು ಕೊನೇ ಹಂತ.

ಐಸ್ ಕ್ಯೂಬನ್ನ ಎಲ್ಲರೂ ಬೈತಾರೆ, ನಾನೂ ಬೈತಿದ್ದೆ. ಆದ್ರೆ ಅಮೆರಿಕದ ಎರಡು ವಿಶ್ವವಿದ್ಯಾಲಯದವರು ಸೇರಿ ಫಲೆನಾಪ್ಸಿಸ್ ಮೇಲೆ ಇದನ್ನೇ ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ್ರು, ತೊಗಟೆ ಹಾಕಿದ ಪಾಟಿಗೆ ವಾರಕ್ಕೆ ಮೂರು ಕ್ಯೂಬ್ ಹಾಕಿದ್ರೆ ಹೂವಿನ ಬಾಳಿಕೆಗೆ ಏನೂ ತೊಂದರೆ ಆಗಲಿಲ್ಲ ಅಂತ ಬಂತು. ಅತ್ತಿಗೆಯ ಗಿಡಾನೂ ಐಸಿನ ಕಾಲದಲ್ಲಿ ಚೆನ್ನಾಗೇ ಇತ್ತಲ್ಲ. ಹಾಳಾಗಿದ್ದು ದಿನಾ ಅರ್ಧ ಲೋಟ, ತೂತಿಲ್ಲದ ಪಾಟು, ಮಳೆಗಾಲ, ಈ ಮೂರೂ ಒಂದೇ ತಿಂಗಳಲ್ಲಿ ಸೇರಿದ್ದಕ್ಕೆ.

ಆಗ ಅತ್ತಿಗೆ ಒಂದು ಪ್ರಶ್ನೆ ಹಾಕಿದ್ಲು, ಒಳ್ಳೇ ಪ್ರಶ್ನೆ. ಶಿರಸಿಯ ನಮ್ಮನೆ ಅಂಗಳದ ಹಲಸಿನ ಮರದಲ್ಲಿ ಸೀತಾಳೆ ದಂಡೆ ಇದೆ, ಮುಂಗಾರು ಶುರು ಆಗೋ ಹೊತ್ತಿಗೆ ನರಿ ಬಾಲದ ಹಂಗೆ ತಿಳಿ ಗುಲಾಬಿ ಹೂವು ಜೋತುಬೀಳ್ತದಲ್ಲ ಅದು. ಅದೂ ಆರ್ಕಿಡ್ಡೇ. ಜೂನಿಂದ ಸೆಪ್ಟೆಂಬರ್ ತನಕ ಮಳೆಯಲ್ಲಿ ತೋಯ್ತಾನೇ ಇರ್ತದೆ, ಅದು ಎಂತಕೆ ಕೊಳೀತಿಲ್ಲೆ, ಇದು ಎಂತಕೆ ಕೊಳೆತು? ನಾನು ಒಂದು ನಿಮಿಷ ಸುಮ್ಮನಾದೆ. ಆಮೇಲೆ ಹೊಳೀತು, ಸೀತಾಳೆ ಬೇರು ಪಾಟಲ್ಲಿಲ್ಲ. ತೊಗಟೆ ಮೇಲೆ ಹರಡಿ ಅರ್ಧ ಗಾಳಿಯಲ್ಲೇ ನೇತಾಡ್ತಾ ಇರ್ತವೆ, ಮಳೆ ಒಂದು ಗಂಟೆ ಬಿಟ್ರೆ, ಸ್ವಲ್ಪ ಗಾಳಿ ಬೀಸಿದ್ರೆ, ನೀರು ಇಳಿದು ಉಸಿರಾಡ್ತವೆ. ನೀರು ಎಷ್ಟು ಸಲ ಬಿತ್ತು ಅನ್ನೋದು ಅದಕ್ಕೆ ಲೆಕ್ಕಕ್ಕಿಲ್ಲ, ಬಿದ್ದ ನೀರು ಎಷ್ಟು ಬೇಗ ಬಿಟ್ಟುಹೋಯ್ತು ಅನ್ನೋದೇ ಲೆಕ್ಕ. (ಇದನ್ನ ಓದಿ ಕಾಡಿನಿಂದ ಸೀತಾಳೆ ಕಿತ್ತು ತರಬೇಡಿ ಮಾರಾಯ್ರೆ, ಗಾಳಿಗೆ ಬಿದ್ದ ಕೊಂಬೆಯಲ್ಲಿದ್ರೆ ತಂದು ಅಂಗಳದ ಮರಕ್ಕೆ ಕಟ್ಟೋದು ಬೇರೆ ಮಾತು.)

ಇಲ್ಲಿ ಸ್ವಲ್ಪ ಲೆಕ್ಕ ಹೇಳ್ತೇನೆ, ಬೇಜಾರಾದ್ರೆ ಮುಂದಿನ ಪ್ಯಾರಾಗೆ ಹಾರಿ. 25 ಡಿಗ್ರಿಯಲ್ಲಿ ಗಾಳಿ ಪೂರಾ ತೇವದಿಂದ ತುಂಬಿದಾಗ ನೀರಾವಿಯ ಒತ್ತಡ ಸುಮಾರು 3.17 ಕಿಲೋಪಾಸ್ಕಲ್. ತೇವಾಂಶ 90 ಇದ್ರೆ ತುಂಬೋಕೆ ಬಾಕಿ ಇರೋದು ಹತ್ತನೇ ಒಂದು ಭಾಗ, ಅಂದ್ರೆ 0.32 ಕಿಲೋಪಾಸ್ಕಲ್. 40 ಇದ್ರೆ ಬಾಕಿ 1.9. ಗಾಳಿ ಒದ್ದೆ ವಸ್ತುವಿನಿಂದ ನೀರು ಎಳೆಯೋದು ಈ ಬಾಕಿಯ ಬಲದಿಂದ. ಅಂದ್ರೆ ಒಂದೇ ಸೆಖೆ ಇದ್ರೂ ಒಣ ಗಾಳಿ ಆರು ಪಟ್ಟು ಜೋರಾಗಿ ಎಳೀತದೆ. ಮಳೆಗಾಲದ ಕಾರವಾರದಲ್ಲಿ ಎಲೆಯಿಂದ ನೀರು ಹೋಗೋದೂ ಕಮ್ಮಿ, ಪಾಟಿಂದ ಆರೋದೂ ಕಮ್ಮಿ, ಮೋಡ ಮುಚ್ಚಿ ಬೆಳಕಿಲ್ಲದ್ದಕ್ಕೆ ಗಿಡ ಬೆಳೆಯೋದೂ ಕಮ್ಮಿ. ಖರ್ಚೇ ಇಲ್ಲದ ಹೊತ್ತಲ್ಲಿ ಅತ್ತಿಗೆ ದಿನಾ ಜಮಾ ಮಾಡ್ತಾ ಇದ್ಲು.

ಗಾಳಿಯ ತೇವ ಬೇರೆ, ಪಾಟಿನ ತೇವ ಬೇರೆ. ಗಾಳಿ ತೇವ ಇದ್ದಷ್ಟೂ ಪಾಟಿಗೆ ನೀರು ಕಮ್ಮಿ ಸಾಕು. ಇವೆರಡನ್ನ ಒಂದೇ ಅಂದ್ಕೊಳ್ಳೋದರಿಂದಲೇ ನಮ್ಮ ಕರಾವಳಿಯಲ್ಲಿ ಆರ್ಕಿಡ್ ಸಾಯೋದು ಅಂತ ನನ್ನ ಅಭಿಪ್ರಾಯ.

ಚಿಕಿತ್ಸೆಗೆ ಗಿಡನ ನಾನೇ ಶಿರಸಿಗೆ ತಂದೆ, ಅತ್ತಿಗೆಗೆ ಕೈ ಸುಮ್ಮನಿರೋದಿಲ್ಲ ಅಂತ ಅವಳೇ ಒಪ್ಪಿಕೊಂಡ್ಲು. ಕತ್ತರಿನ ಗ್ಯಾಸಿನ ಉರಿಗೆ ಹಿಡಿದು ಆರಿಸಿ ಕೊಳೆತ ಎಂಟೂ ಬೇರು ತೆಗೆದೆ, ಪಾಚಿ ಉಂಡೆನ ಚಿಮುಟದಲ್ಲಿ ಚೂರುಚೂರಾಗಿ ಬಿಡಿಸಿದೆ, ಇದಕ್ಕೇ ಅರ್ಧ ಗಂಟೆ ಹಿಡೀತು. ರಾತ್ರಿ ಪೂರ್ತಿ ಗಿಡನ ಬರಿಬೇರಲ್ಲಿ ಪೇಪರ್ ಮೇಲೆ ಮಲಗಿಸಿದ್ದೆ, ಗಾಯ ಒಣಗ್ಲಿ ಅಂತ. ಬೆಳಿಗ್ಗೆ ಒಂದೂವರೆ ಲೀಟರಿನ ನೀರಿನ ಬಾಟಲಿ ಅಡ್ಡ ಕತ್ತರಿಸಿ ಅದರಲ್ಲಿ ಕೂರಿಸಿಕೊಂಡು ಬಸ್ಸು ಹತ್ತಿದೆ, ಕಂಡಕ್ಟರು ಎಂತ ಮೇಡಂ ಇದು ಮೀನಾ ಅಂತ ಕೇಳಿದ.

ಮನೆಗೆ ಬಂದ್ರೆ ಆಯಿಯ ತೀರ್ಪು ಒಂದೇ ಮಾತು. "ಸಾಯ್ಲಿ ಬಿಡೇ, ತೋಟಕ್ಕೆ ಬಿಸಾಡು." ಬುಡ ಮೂಸಿ ನೋಡಿ ವೆನಿಲ್ಲಾ ಕೊಳೆತಾಗ ಹಿಂಗೇ ನಾರ್ತಿತ್ತು ಅಂತಲೂ ಹೇಳಿದ್ಲು. ಅದು ಸರಿನೇ, ವೆನಿಲ್ಲಾನೂ ಆರ್ಕಿಡ್ ಕುಟುಂಬದ್ದೇ. 2000ದ ದಶಕದ ಶುರುವಲ್ಲಿ ರೇಟು ಏರಿದಾಗ ನಮ್ಮ ಕಡೆ ಮನೆಮನೆ ಅಡಿಕೆ ತೋಟಕ್ಕೂ ಬಳ್ಳಿ ಬಂದಿತ್ತು, ರೇಟು ಬಿದ್ದದ್ದೂ ಬೇರು ಕೊಳೆ ಬಂದದ್ದೂ ಸೇರಿ ಅದರ ಕಥೆ ಮುಗೀತು. ಅಪ್ಪಯ್ಯ ಮಾತ್ರ ಕೊಟ್ಟಿಗೆಯಿಂದ ಬೋರ್ಡೋ ದ್ರಾವಣ ಒಂದು ಚೂರು ತಂದು ಹೊಡಿ ಅಂದ, ಅಡಿಕೆ ಕೊಳೆಗೆ ಹೊಡೆಯೋ ಮೈಲುತುತ್ತ ಸುಣ್ಣದ್ದು. ಬೇಡ ಅಂದೆ. ಮೈಲುತುತ್ತದಲ್ಲಿರೋ ತಾಮ್ರ ಕೆಲವು ಆರ್ಕಿಡ್ಡುಗಳಿಗೆ ತಡೆಯೋದಿಲ್ಲ, ಅಲ್ಲದೇ ಇಲ್ಲಿ ಕಾಯಿಲೆ ಹೊರಗಿಂದ ಬಂದದ್ದಲ್ಲ, ನಾವೇ ಹೊಯ್ದದ್ದು. ದಾಲ್ಚಿನ್ನಿ ಪುಡಿ ಹಾಕ್ತಾರೆ ಸುಮಾರು ಜನ. ಎಲೆ ಕತ್ತರಿಸಿದ ಗಾಯಕ್ಕಾದ್ರೆ ಸರಿ, ಬೇರಿಗೆ ಹಾಕಿದ್ರೆ ಉಳಿದ ಒಳ್ಳೇ ಬೇರನ್ನೂ ಅದು ಒಣಗಿಸಿಬಿಡ್ತದೆ. ಮೂರು ಬೇರು ಉಳಿದಿರೋ ಗಿಡದ ಮೇಲೆ ಪ್ರಯೋಗ ಬೇಡ ಅಂತ ಅದನ್ನೂ ಬಿಟ್ಟೆ.

ಪಾಟಿಗೆ ಜ್ಯೂಸ್ ಅಂಗಡಿಯ ಪಾರದರ್ಶಕ ಪ್ಲಾಸ್ಟಿಕ್ ಗ್ಲಾಸು ತಗೊಂಡೆ, ಸಲಾಕೆ ಕಾಸಿ ತಳದಲ್ಲಿ ಆರು ತೂತು, ಪಕ್ಕದಲ್ಲಿ ಎಂಟು. ಒಳಗೆ ತೆಂಗಿನ ಸಿಪ್ಪೆಯ ತುಂಡು, ಹೆಬ್ಬೆರಳಿನ ಉಗುರಿನಷ್ಟು ಗಾತ್ರ, ಜೊತೆಗೆ ಅದೇ ಅಳತೆಯ ಇದ್ದಿಲು, ಎರಡಕ್ಕೆ ಒಂದರಂತೆ. ಸಿಪ್ಪೆ ಹಾಕೋರು ಒಂದು ನೆನಪಿಡಿ, ಅದರಲ್ಲಿ ಉಪ್ಪು ಮತ್ತೆ ಒಗರು ಇರ್ತದೆ, ಸಮುದ್ರದ ಬದಿಯ ತೆಂಗಾದ್ರೆ ಇನ್ನೂ ಜಾಸ್ತಿ. ಮೂರು ದಿನ ನೆನೆಸಿಟ್ಟು ದಿನಾ ನೀರು ಬದಲಿಸಬೇಕು, ಮೊದಲ ದಿನದ ನೀರು ಹಾಲು ಹಾಕದ ಕಣ್ಣಾ ಚಹಾದ ಬಣ್ಣ ಬರ್ತದೆ, ಮೂರನೇ ದಿನ ತಿಳಿ ಆಗ್ತದೆ. ಈ ಮೂರು ದಿನ ಗಿಡ ಬರಿಬೇರಲ್ಲೇ ಕಿಟಕಿ ಬದಿ ಇತ್ತು, ಏನೂ ಆಗಲಿಲ್ಲ, ಶಿರಸಿಯ ಆಗಸ್ಟಿನ ಗಾಳಿಯೇ ಅದಕ್ಕೆ ಸಾಕಾಯ್ತು. ಬೇರಿಲ್ಲದ ಗಿಡನ ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿಡ್ತಾರೆ, ಎಲೆಯಿಂದ ನೀರು ಹೋಗದಿರ್ಲಿ ಅಂತ. ನಮಗೆ ಚೀಲ ಬೇಕಾಗಲಿಲ್ಲ, ಮಳೆಗಾಲದ ಮಲೆನಾಡಿನ ಮನೆಯೇ ಚೀಲ.

ನೆಟ್ಟ ಮೇಲೆ ಚೆನ್ನಾಗಿ ನೀರು ಹೊಯ್ದು, ಪೂರಾ ಬಸಿದ ಮೇಲೆ ತೂಕ ನೋಡಿದ್ರೆ 182 ಗ್ರಾಂ. ಆಮೇಲೆ ನೀರು ಮುಟ್ಟಿಸದೇ ಕಾದೆ, ದಿನಾ ಬೆಳಿಗ್ಗೆ ಚಹಾ ಕುದಿಯೋ ಹೊತ್ತಿಗೆ ತೂಕ. ಬೇರೆಲ್ಲ ಬೆಳ್ಳಿ ಬಣ್ಣಕ್ಕೆ ತಿರುಗಿ, ಗ್ಲಾಸಿನ ಒಳಮೈಯ ಹನಿ ಮಾಯ ಆದದ್ದು 135ಕ್ಕೆ. ಅದೇ ನಮ್ಮ ಗೆರೆ ಅಂತ ಗ್ಲಾಸಿನ ಮೇಲೆ ಮಾರ್ಕರಲ್ಲಿ ಬರೆದೆ, 182/135. ಆಗಸ್ಟಲ್ಲಿ ಮೇಲಿನಿಂದ ಕೆಳಗಿನ ಅಂಕಿಗೆ ಬರೋಕೆ 13 ದಿನ ಹಿಡೀತು, ಅದೂ ಟೇಬಲ್ ಫ್ಯಾನ್ ಸಣ್ಣಗೆ ದಿನಕ್ಕೆ ನಾಕು ಗಂಟೆ ಗೋಡೆ ಕಡೆ ತಿರುಗಿಸಿಟ್ಟು ಗಾಳಿ ಆಡಿಸಿದ್ದಕ್ಕೆ.

ನೀರು ಹಾಕೋ ರೀತಿ ಇಷ್ಟೇ, ಬೆಳಿಗ್ಗೆ ಹೊತ್ತು ಪಾಟನ್ನ ಬಚ್ಚಲಿಗೆ ಒಯ್ದು ಚೊಂಬಿನಿಂದ ಸಿಪ್ಪೆಯ ಮೇಲೆ ಸುತ್ತ ಹೊಯ್ಯೋದು, ತಳದಿಂದ ಧಾರಾಳ ಹರಿದು ಹೋಗಬೇಕು, ಹತ್ತು ನಿಮಿಷ ಬಸಿಯೋಕೆ ಬಿಡೋದು. ಎಲೆಗಳ ನಡುವಿನ ಸುಳಿಗೆ ನೀರು ನಿಂತ್ರೆ ಟಿಶ್ಯೂ ಪೇಪರಿನ ಮೂಲೆ ಸುತ್ತಿ ಅದ್ದಿ ತೆಗೆಯಬೇಕು, ಇದನ್ನ ಮರೀಬಾರದು. ಫಲೆನಾಪ್ಸಿಸ್ಸಿಗೆ ಬೆಳೆಯೋ ತುದಿ ಒಂದೇ, ತೆಂಗು ಅಡಿಕೆಯ ಸುಳಿ ಇದ್ದಂಗೆ, ಅದು ಕೊಳೆತ್ರೆ ಹೆಚ್ಚಾಗಿ ಕಥೆ ಮುಗೀತು. ಕಾಡಲ್ಲಿ ಇದು ಮರಕ್ಕೆ ಅಡ್ಡವಾಗಿ ಬಾಗಿ ಬೆಳೆಯೋದ್ರಿಂದ ನೀರು ತಾನೇ ಜಾರಿ ಹೋಗ್ತದೆ, ಪಾಟಲ್ಲಿ ನೆಟ್ಟಗೆ ಕೂರಿಸಿ ಬಟ್ಟಲು ಮಾಡಿದವರು ನಾವು. ಸಂಜೆ ಸ್ಪ್ರೇ ಮಾಡೋದು ಅದಕ್ಕೇ ಅಪಾಯ, ರಾತ್ರಿ ಪೂರಾ ಸುಳಿಯಲ್ಲಿ ನೀರು ನಿಲ್ತದೆ.

ನೀರಿನ ಗುಣದ ಬಗ್ಗೆನೂ ಒಂದು ಮಾತು. ಸಮುದ್ರ, ಅಳಿವೆ ಹತ್ರದ ಬಾವಿಗಳಲ್ಲಿ ಬೇಸಿಗೆ ಕೊನೆಗೆ ನೀರು ಸವಳಾಗೋದುಂಟು, ಆರ್ಕಿಡ್ ಬೇರಿಗೆ ಉಪ್ಪು ಆಗೋದೇ ಇಲ್ಲ. ಬಾಯಿಗೆ ಸವಳು ಅನಿಸಿದ ನೀರನ್ನ ಇದಕ್ಕೆ ಹಾಕಬೇಡಿ, ಮಳೆ ನೀರು ಎರಡು ಕ್ಯಾನ್ ಹಿಡಿದಿಟ್ಕೊಂಡ್ರೆ ಮೂರಿಂಚಿನ ಪಾಟಿಗೆ ಬೇಸಿಗೆ ಕಳೀತದೆ.

ಸೆಪ್ಟೆಂಬರ್ ಮೂರನೇ ವಾರ ಬುಡದಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಮೊನೆ ಕಂಡಿತು, ಹೊಸ ಬೇರು. ಅಲ್ಲೀತನಕ ಗೊಬ್ಬರ ಹಾಕಿರಲಿಲ್ಲ, ಬೇರಿಲ್ಲದ ಗಿಡಕ್ಕೆ ಗೊಬ್ಬರ ಹಾಕೋದು ಹಲ್ಲಿಲ್ಲದವರಿಗೆ ಚಕ್ಕುಲಿ ಕೊಟ್ಟಂಗೆ. ಇನ್ನೂ ಎರಡು ಬೇರು ಬಂದ ಮೇಲೆ 19:19:19 ಅನ್ನೋ ನೀರಲ್ಲಿ ಕರಗೋ ಗೊಬ್ಬರನ ಲೀಟರಿಗೆ ಅರ್ಧ ಗ್ರಾಂ, ಎರಡು ನೀರಿಗೊಮ್ಮೆ ಶುರು ಮಾಡಿದೆ. ತಳದ ಒಂದು ಎಲೆ ಹಳದಿ ಆಗಿ ಉದುರಿತು. ಉಳಿದ ನಾಕು ಎಲೆ ಗಟ್ಟಿ ಆದ್ವು ಆದ್ರೆ ಸುಕ್ಕಿನ ಗೆರೆ ಹೋಗಲಿಲ್ಲ, ಅದು ಹೋಗೋದೂ ಇಲ್ಲ. ನವೆಂಬರಲ್ಲಿ ಸುಳಿಯಿಂದ ಹೊಸ ಎಲೆ ನುಣ್ಣಗೆ ಬಂತು. ನಾನು ಅತ್ತಿಗೆಗೆ ಫೋಟೋ ಕಳಿಸಿ ಸ್ವಲ್ಪ ಜಂಬಾನೂ ಕೊಚ್ಚಿಕೊಂಡೆ.

ಈಗ ನನ್ನ ತಪ್ಪಿನ ಕಥೆ. ಅಕ್ಟೋಬರಲ್ಲಿ ತೂಕ ಇಳಿಯೋಕೆ 9 ದಿನ, ನವೆಂಬರಲ್ಲಿ 7 ದಿನ ಹಿಡೀತಿತ್ತು, ಸರಿ ವಾರಕ್ಕೊಮ್ಮೆ ಸಾಕು ಅಂತ ಡಿಸೆಂಬರಲ್ಲಿ ತೂಕ ನೋಡೋದು ಬಿಟ್ಟು ಭಾನುವಾರ ಭಾನುವಾರ ನೀರು ಹಾಕೋಕೆ ಶುರು ಮಾಡಿದೆ. ಅದೇ ಹೊತ್ತಿಗೆ ತೋಟದಲ್ಲಿ ಅಡಿಕೆ ಗೊನೆ ಕೊಯ್ಲು, ಮನೆಯಲ್ಲಿ ಅಡಿಕೆ ಸುಲಿಯೋರು, ಅಂಗಳ ತುಂಬ ಚಾಲಿಗೆ ಅಂತ ಒಣಗೋಕೆ ಹರಡಿದ ಅಡಿಕೆ, ಗಿಡದ ಕಡೆ ತಿರುಗಿ ನೋಡೋಕೆ ಪುರುಸೊತ್ತಿಲ್ಲ. ಜನವರಿ ಎರಡನೇ ವಾರ ನೋಡ್ತೇನೆ, ಹೊಸ ಎಲೆಯೇ ಮೆತ್ತಗೆ, ಎಳೇ ಬೇರಿನ ಹಸಿರು ಮೊನೆ ಕಂದಾಗಿ ಮುಚ್ಚಿಕೊಂಡಿದೆ. ಮೊದಲು ತಲೆಗೆ ಬಂದದ್ದೇನು ಗೊತ್ತಾ, ಅಯ್ಯೋ ಮತ್ತೆ ಕೊಳೆ ಬಂತು ಅಂತ! ಆ ಭಾನುವಾರ ನೀರೇ ಹಾಕಲಿಲ್ಲ. ಮೂರು ದಿನಕ್ಕೆ ಎಲೆ ಇನ್ನೂ ಜೋತುಬಿತ್ತು. ಆಗ ನೆನಪಾಗಿ ತಕ್ಕಡಿಗೆ ಇಟ್ರೆ 117, ಗೆರೆಗಿಂತ 18 ಗ್ರಾಂ ಕೆಳಗೆ. ಆಗಸ್ಟಲ್ಲಿ ನೀರಲ್ಲಿ ನಿಂತು ಬಾಯಾರಿದ್ದ ಗಿಡ ಈಗ ನಿಜವಾಗ್ಲೂ ಬಾಯಾರಿತ್ತು, ಮುಖ ಮಾತ್ರ ಎರಡು ಸಲಾನೂ ಒಂದೇ.

ಅಂಗಳಕ್ಕೆ ಹೋಗಿ ನೋಡಿದ್ರೆ ಉತ್ತರ ಅಲ್ಲೇ ಹರಡಿತ್ತು. ಅಡಿಕೆ ಗಲಗಲ ಅಂತ ಒಣಗ್ತಾ ಇರೋ ಗಾಳಿ, ಅದೇ ಗಾಳಿ ಕಿಟಕಿಯಿಂದ ಒಳಗೆ ಬಂದು ಗಿಡಾನೂ ಒಣಗಿಸ್ತಾ ಇತ್ತು. ಮೀಟರು ಬೆಳಿಗ್ಗೆ ಆರಕ್ಕೆ ಇಬ್ಬನಿ ಹೊತ್ತಲ್ಲಿ 78, ಮಧ್ಯಾಹ್ನ ಎರಡಕ್ಕೆ 36. ಬೆಳಿಗ್ಗೆ ಮಾತ್ರ ನೋಡಿದ್ದಕ್ಕೆ ನಾನು ಏಮಾರಿದ್ದು. ಪಾಟಿನ ತುಂಬ ನೀರು ಹೊಯ್ದು ಮತ್ತೆ ದಿನಾ ತೂಗಿದೆ, 182ರಿಂದ 135ಕ್ಕೆ ಬರೋಕೆ ಬರೀ 4 ದಿನ. ಆಗಸ್ಟಿನ 13 ಎಲ್ಲಿ, ಜನವರಿಯ 4 ಎಲ್ಲಿ. ಗಿಡ ಅದೇ, ಗ್ಲಾಸೂ ಅದೇ.

ಗಾಳಿಯ ತೇವ ಏರಿಸೋಕೆ ಏನೇನು ಮಾಡಿದೆ ಅಂತ ಹೇಳ್ತೇನೆ. ತಟ್ಟೆಯಲ್ಲಿ ಜಲ್ಲಿ ಹಾಕಿ ನೀರು ತುಂಬಿ ಅದರ ಮೇಲೆ ಪಾಟು ಇಡೋ ಉಪಾಯ ಎಲ್ಲ ಕಡೆ ಹೇಳ್ತಾರೆ. ಮೀಟರನ್ನ ಎಲೆ ಮಟ್ಟಕ್ಕೆ ಇಟ್ಟು ನೋಡಿದ್ರೆ ಏರಿದ್ದು 3 ಪರ್ಸೆಂಟು, ಕಿಟಕಿ ತೆಗೆದ್ರೆ ಅದೂ ಇಲ್ಲ. ಚಂದಕ್ಕೆ ಇಟ್ಕೊಳ್ಳಿ. ಸ್ಪ್ರೇ ಮಾಡಿದ್ರೆ ಹತ್ತು ನಿಮಿಷ ಏರ್ತದೆ, ಇಪ್ಪತ್ತನೇ ನಿಮಿಷಕ್ಕೆ ವಾಪಸ್. ಸ್ವಲ್ಪ ಕೆಲಸ ಮಾಡಿದ್ದು ಜಾಗ ಬದಲಿಸಿದ್ದು. ಬಚ್ಚಲ ಒಲೆಯ ಪಕ್ಕದ ಕಿಟಕಿಗೆ, ಮನಿಪ್ಲಾಂಟು, ಜರಿಗಿಡದ ಗುಂಪಿನ ನಡುವೆ ಇಟ್ಟೆ, ಮಧ್ಯಾಹ್ನ 45ರ ಕೆಳಗೆ ಇಳೀಲಿಲ್ಲ. ಆಗ ಅತ್ತಿಗೆಯ ಹ್ಯೂಮಿಡಿಫೈಯರ್ ನೆನಪಾಯ್ತು. ಕೇಳೋಕೆ ನಾಚಿಕೆ, ಜುಲೈಯಲ್ಲಿ ಅಷ್ಟು ನಕ್ಕಿದ್ದೆನಲ್ಲ. ಕೇಳಿದೆ. ಅಣ್ಣ ಆಫೀಸ್ ಕೆಲಸಕ್ಕೆ ಶಿರಸಿಗೆ ಬರುವಾಗ ಬಾಕ್ಸ್ ಸಮೇತ ಕಳಿಸಿಕೊಟ್ಲು, ಮೇಲೆ ಪೆನ್ನಲ್ಲಿ "ನಗಡ" ಅಂತ ಬರೆದು. ಮಧ್ಯಾಹ್ನ ಹನ್ನೆರಡರಿಂದ ನಾಕರ ತನಕ ಓಡಿಸಿದ್ರೆ ಗಿಡದ ಹತ್ರ 55ರಿಂದ 60 ನಿಲ್ತಿತ್ತು. ಗಡಸು ನೀರು ಹಾಕಿದ್ರೆ ಸುತ್ತಲೂ ಎಲೆ ಮೇಲೆಲ್ಲ ಬಿಳಿ ಪುಡಿ ಕೂರ್ತದೆ, ನಮ್ಮ ಬಾವಿ ನೀರು ಮೆದು, ತೊಂದರೆ ಆಗಲಿಲ್ಲ. ಇದೆಲ್ಲ ಮಾಡಿದ ಮೇಲೂ 6 ದಿನಕ್ಕೊಮ್ಮೆ ನೀರು ಬೇಕಾಯ್ತು.

ಫೆಬ್ರವರಿಯಲ್ಲಿ ಎಲೆ ಸಂದಿಯಿಂದ ಏನೋ ಮೊಳೀತು. ಬೇರಿನ ತುದಿ ದುಂಡಗೆ ನುಣ್ಣಗೆ ಇರ್ತದೆ, ಇದು ಚಪ್ಪಟೆ, ತುದಿಯಲ್ಲಿ ಕೈಗವಸಿನ ಹೆಬ್ಬೆರಳಿನ ಹಂಗೆ ಒಂದು ಮಡಿಕೆ, ಹೂವಿನ ಕಡ್ಡಿ! ಕೆಲವು ವಾರ 25 ಡಿಗ್ರಿಗಿಂತ ಕೆಳಗಿನ ತಂಪು ಸಿಕ್ಕಿದ್ರೆ ಫಲೆನಾಪ್ಸಿಸ್ ಕಡ್ಡಿ ಬಿಡ್ತದೆ, ವ್ಯಾಪಾರಕ್ಕೆ ಬೆಳೆಯೋರು ಮನೆನೇ ತಂಪು ಮಾಡಿ ಇದನ್ನ ಮಾಡಿಸ್ತಾರೆ. ನಮಗೆ ಶಿರಸಿಯ ಚಳಿ ಪುಕ್ಕಟೆ ಮಾಡಿಕೊಡ್ತು. ಈಗ ಕಡ್ಡಿ ಬಿಡೋದಾ ಕತ್ತರಿಸೋದಾ? ಏಳು ಬೇರು, ಐದು ಎಲೆ, ಅದರಲ್ಲಿ ನಾಕು ಸುಕ್ಕಿನವು. ಕತ್ತರಿಸಿದ್ರೆ ಗಿಡಕ್ಕೆ ಒಳ್ಳೇದು ಅಂತ ನಾನು. ಕತ್ತರಿ ಮುಟ್ಟಿದ್ರೆ ನೋಡು ಅಂತ ಅತ್ತಿಗೆ. ಕೊನೆಗೆ ಕಡ್ಡಿಯಲ್ಲಿ ಮೂರು ಮೊಗ್ಗು ಬಿಟ್ಟು ತುದಿ ಮಾತ್ರ ಚಿವುಟಿದೆ, ಇಬ್ಬರಿಗೂ ಪೂರ್ತಿ ಸಮಾಧಾನ ಆಗಲಿಲ್ಲ. ಏಪ್ರಿಲ್ ಕೊನೆಗೆ ಮೂರೂ ಅರಳಿದ್ವು, ಹೋದ ವರ್ಷಕ್ಕಿಂತ ಹೂವು ಸ್ವಲ್ಪ ಚಿಕ್ಕದು.

ಮೇ ತಿಂಗಳಲ್ಲಿ ಗಿಡ ಘಟ್ಟ ಇಳಿದು ಕೋಡಿಬಾಗಕ್ಕೆ ವಾಪಸ್ ಹೋಯ್ತು, ಹೂವಿನ ಸಮೇತ. ಅಲ್ಲಿ ಒಂದು ಹೊಸ ಸಮಸ್ಯೆ, ಸೆಖೆಗೆ ಬೆಡ್‌ರೂಮಲ್ಲಿ ರಾತ್ರಿ ಪೂರಾ ಏಸಿ. ಏಸಿ ಗಾಳಿಯ ನೀರನ್ನ ಹಿಂಡಿ ಹೊರಗೆ ಹಾಕ್ತದೆ, ಹೊರಗೆ ಪೈಪಲ್ಲಿ ತೊಟ್ಟಿಕ್ಕೋದು ಅದೇ. ಹಾಲಲ್ಲಿ 80 ಇದ್ದಾಗ ಆ ರೂಮಲ್ಲಿ 52 ಇತ್ತು. ಫಲೆನಾಪ್ಸಿಸ್ ಎಲೆಯ ರಂಧ್ರ ತೆರೆಯೋದು ಹೆಚ್ಚಾಗಿ ರಾತ್ರಿಯೇ, ಹಾಗಾಗಿ ಏಸಿ ಗಾಳಿ ನೇರ ಬಡಿಯೋ ಟೇಬಲ್ ಮೇಲೆ ಇಟ್ಟ ವಾರದಲ್ಲೇ ಒಂದು ಹೂವು ಪೇಪರಿನ ಹಂಗೆ ತೆಳ್ಳಗಾಗಿ ಬಿತ್ತು. ಹಾಲಿಗೆ ಬಂದ ಮೇಲೆ ಉಳಿದೆರಡು ಜೂನ್ ಕೊನೆವರೆಗೂ ಇದ್ವು. ಸೆರಾಮಿಕ್ ಪಾಟಲ್ಲಿ ಈಗ ಅತ್ತಿಗೆ ಸೌಟು, ಮೊಗಚೋ ಕೈ ನಿಲ್ಲಿಸಿಟ್ಟಿದ್ದಾಳೆ.

ಮತ್ತೆ ಮಳೆಗಾಲ ಬಂದಿದೆ. ಮೊನ್ನೆ ಬೆಳಿಗ್ಗೆ ತಕ್ಕಡಿ ಮೇಲೆ ಗಿಡ ಇಟ್ಟ ಫೋಟೋ ಬಂತು, 151 ಅಂತ ತೋರಿಸ್ತಿತ್ತು. ನೀರು ಹಾಕಿ ಎಂಟು ದಿನ ಆಯ್ದು, ಇನ್ನೂ ಬೇಡ ಅಲ್ದನೇ ಅಂತ ಕೇಳಿದ್ಲು. ಇನ್ನು ನಾಕೈದು ದಿನ ಮುಟ್ಟಡ ಅಂದೆ. ಡಿಸೆಂಬರಲ್ಲಿ ಚಳಿಗೆ ಅಂತ ಗಿಡ ಮತ್ತೆ ಶಿರಸಿಗೆ ಬರಬೇಕು ಅಂತ ಮಾತಾಗಿದೆ, ಹ್ಯೂಮಿಡಿಫೈಯರ್ ಹೆಂಗೂ ವಾಪಸ್ ಕೊಟ್ಟಿಲ್ಲ, ನಮ್ಮ ಅಟ್ಟದ ಮೇಲೇ ಇದೆ.